ಜ್ವರ ಬಂದ ಅಲ್ಮಾರಿ

ಕಬ್ಬಿಣದ ಅಲ್ಮಾರಿಗೆ ಜ್ವರ ಬರಿಸಿ, ಅದರ ಎದುರು ಮಂಚ ಹಾಕಿಕೊಂಡು, ಗಳಿಗೆಗೊಮ್ಮೆ ಅದರ ಹಣೆ ಮುಟ್ಟಿ ನೋಡುತ್ತ ಕೂಡುವ ಮನುಷ್ಯನನ್ನು ನೀವು ಕಂಡಿದ್ದೀರಾ? ಇಲ್ಲವಾದರೆ ಮಕ್ತಲ್ ಹತ್ತಿರದ ನಮ್ಮೂರಿಗೆ ಬನ್ನಿ. ಯಾರ ಮನೆ ಎಂದು ಕೇಳುವ ಅಗತ್ಯವಿಲ್ಲ. ಒಂದು ಹಿತ್ತಲಿನಿಂದ ತೆಳ್ಳಗಿನ ನೀಲಿ ಹೊಗೆ ಎದ್ದು, ಅವಸರವೇ ಇಲ್ಲದ ಹಾಗೆ ಬೇವಿನ ಮರದ ನೆರಳಿನಲ್ಲಿ ಕೈಕಾಲು ಚಾಚಿ ಮಲಗಿರುತ್ತದೆ. ಅದರ ಬುಡ ಹಿಡಿದು ಹೋದರೆ ನಮ್ಮ ಸೋದರಮಾವ ಸಿಗುತ್ತಾರೆ. ಮಾತಾಡಿಸಬೇಡಿ. ಮಾತಾಡಿಸಿದರೆ ಕಾವು ಏರುತ್ತದಂತೆ! ಅಲ್ಮಾರಿಯದೋ ಅವರದೋ, ಈ ತನಕ ನನಗೆ ಗೊತ್ತಾಗಿಲ್ಲ.

ಸಂಗತಿ ಇಷ್ಟೇ. ನಮ್ಮದು ಕುರಿ ಕಾಯುವವರ ಮನೆತನ. ಬೀರಪ್ಪ ದೇವರಿಗೆ ಕುರಿ ಕೊಟ್ಟು ಊರೆಲ್ಲ ಉಂಡ ಮೇಲೆ, ಉಳಿದ ಮಾಂಸವನ್ನು ಉದ್ದುದ್ದ ಸೀಳಿ, ಉಪ್ಪು ಅರಿಶಿನ ಹಚ್ಚಿ, ಒಲೆಯ ಮೇಲೆ ಹಗ್ಗ ಕಟ್ಟಿ ನೇತು ಹಾಕುವುದು ರೂಢಿ. ಹೊಗೆ ಕುಡಿದು ಕುಡಿದು ಕೆಂಪಗೆ ಒಣಗಿದ ಆ ಸೀಳುಗಳಿಗೆ ಖಂಡ ಅನ್ನುತ್ತೇವೆ. ನಮ್ಮ ಅತ್ತೆ, ಅಂದರೆ ಮಾವನ ಹೆಂಡತಿ, ಒಣಗಿಸಿದ ಖಂಡವೆಂದರೆ ನಾರಾಯಣಪೇಟೆಯ ಬೀಗರೂ ಬಸ್ಸು ಹತ್ತಿ ಬರುತ್ತಿದ್ದರು. ಬಂದ ನೆಪ ಮಾತ್ರ ಬೇರೆ: "ನಿಮ್ಮ ಆರೋಗ್ಯ ನೋಡಾಕ ಬಂದ್ವಿ."

ಆ ಆರೋಗ್ಯವೇ ಒಂದು ದಿನ ಕೈಕೊಟ್ಟಿತು. ಅತ್ತೆಗೆ ಉಬ್ಬಸ. ಒಲೆಯ ಹೊಗೆ ಇನ್ನು ಸಾಕು ಎಂದರು ರಾಯಚೂರಿನ ಡಾಕ್ಟರು. ಮಾವ ಊರಿಗೆ ಬಂದವರೇ ಅಂಗಿಯನ್ನೂ ಬಿಚ್ಚದೆ ಹಾರೆ ತಗೊಂಡು ಒಲೆ ಒಡೆದುಹಾಕಿದರು. ಗ್ಯಾಸು ಬಂತು. ಅತ್ತೆಗೆ ಉಸಿರು ತಿರುಗಿ ಬಂತು, ಆದರೆ ಊಟ ಹೋಯಿತು! ಬಿಸಿಲಲ್ಲಿ ಒಣಗಿಸಿದ ಖಂಡವನ್ನು ಮುಂದಿಟ್ಟರೆ "ಇದಕ ದವಾಖಾನಿ ವಾಸನಿ ಐತ್ರೀ" ಎಂದು ತಟ್ಟೆ ಸರಿಸುತ್ತಿದ್ದರು. ಅರ್ಧ ರೊಟ್ಟಿಗೆ ಕೈ ತೊಳೆಯುತ್ತಿದ್ದರು. ಕೈ ಎತ್ತಿದರೆ ಬಳೆಗಳು ಮೊಣಕೈ ತನಕ ಜಾರುತ್ತಿದ್ದವು.

ಆ ಬಳೆಗಳನ್ನು ನೋಡಿ ನೋಡಿ ಮಾವ ನಿರ್ಧಾರ ಮಾಡಿದರು. ಹೊಗೆ ಖಂಡಕ್ಕೆ ತಾಗಬೇಕು, ಅತ್ತೆಯ ಎದೆಗೆ ತಾಗಬಾರದು. ಅದನ್ನು ಕರೆಂಟಿನ ಪೆಟ್ಟಿಗೆಯೊಳಗೆ ಕೂಡಿಹಾಕಬೇಕು.

"ಕೂಡಿಹಾಕಾಕ ಹೊಗಿ ಏನು ಕುರಿ ಏನ್ರೀ ಮಾವಾ?" ಎಂದೆ.

"ಕುರಿಗಿಂತ ಶಾಣ್ಯಾ ಐತಿ ಲೇ ಅಳಿಯಾ! ಕುರಿ ಒಂದು ಸಂದಿ ಹುಡುಕ್ತದ, ಇದು ನಾಕು ಹುಡುಕ್ತದ."

ಮೊದಲು ಒಂದು ಸತ್ತ ಫ್ರಿಜ್ ಬಂತು. ಜನ್ಮವಿಡೀ ತಣ್ಣಗಿದ್ದ ಜೀವ, ಬಿಸಿ ತಾಗಿದ ಮೊದಲ ದಿನವೇ ಅದರ ಹೊಟ್ಟೆಯೊಳಗಿನ ಪ್ಲಾಸ್ಟಿಕ್ ಕರಗಿ ಪಾಯಸವಾಯಿತು. ಆಮೇಲೆ ಮಾವನ ಕಣ್ಣು ಬಿದ್ದದ್ದು ಅತ್ತೆಯ ಮದುವೆಯ ಅಲ್ಮಾರಿಯ ಮೇಲೆ. ಗದ್ವಾಲದ ಜರತಾರಿ ಸೀರೆಗಳು ಟ್ರಂಕಿಗೆ ವರ್ಗವಾದವು, ಅಲ್ಮಾರಿ ಹಿತ್ತಲಿಗೆ. ಅವು ತೂಗುತ್ತಿದ್ದ ಸರಳಿಗೆ ಕುರಿ ತೂಗಿತು. ಬಾಗಿಲಿಗೆ ಆಳೆತ್ತರದ ಕನ್ನಡಿ ಬೇರೆ! ಒಳಗೆ ಮಾಂಸ ಹೇಗಿದೆ ಎಂದು ನೋಡಲು ಹೋದವರೆಲ್ಲ ತಲೆ ಬಾಚಿಕೊಂಡು ಬರುತ್ತಿದ್ದರು. ನಾನೂ ಎರಡು ಸಲ ಮೀಸೆ ತಿದ್ದಿಕೊಂಡೆ. ಇಲ್ಲದ ಮೀಸೆಯನ್ನು!

ಕೆಳಗೆ ಸುರುಳಿ ತಂತಿಯ ಹೀಟರು. ಅದರ ಮೇಲೆ ಹಳೆಯ ಬಾಣಲೆಯಲ್ಲಿ ಜಾಲಿ ಚಕ್ಕೆ, ಶೇಂಗಾ ಸಿಪ್ಪೆ. ನೆತ್ತಿಯಿಂದ ಮನೆಗೆ ಬೆನ್ನು ತಿರುಗಿಸಿದ ಒಂದು ಕೊಳವೆ. ಕಾವು ಹೆಚ್ಚಾದರೆ ತಾನೇ ಆರಿಸಲು ಕೆಟ್ಟ ಗೀಸರಿನಿಂದ ಕಿತ್ತ ಥರ್ಮೋಸ್ಟಾಟು. ಸ್ವಿಚ್ಚು ಹಾಕಿದರೆ ಸ್ವಲ್ಪ ಹೊತ್ತಿನಲ್ಲಿ ಕೊಳವೆಯಿಂದ ಹೊಗೆ ಹೊರಬರುತ್ತಿತ್ತು. ಕನ್ನಡಿಯೊಳಗೆ ಆಕಾಶ, ಕನ್ನಡಿಯ ಮೇಲೆ ಹೊಗೆ. ಹತ್ತಿ ಹೊಲದ ಮೇಲಿಂದ ಗಾಳಿ ಬಂದರೆ ಎರಡೂ ಕಲಸಿಹೋಗಿ, ಅಲ್ಮಾರಿ ಮೋಡ ಹೆರುತ್ತಿದೆಯೇನೋ ಅನ್ನಿಸುತ್ತಿತ್ತು. ಮಾವ ಮಂಚದ ಮೇಲೆ ಅರೆಗಣ್ಣು ಮುಚ್ಚಿ ಕೂತಿರುತ್ತಿದ್ದರು. ನಿದ್ದೆಯೇ? ಅಲ್ಲ. "ಕೇಳಸ್ಕೊಳ್ಳಾಕತ್ತೀನಿ" ಅನ್ನುತ್ತಿದ್ದರು. ಏನನ್ನು ಎಂದು ಕೇಳುವ ಧೈರ್ಯ ಯಾರಿಗಿತ್ತು?

ಹೊಗೆಯೇನೋ ಮಾತು ಕೇಳಿತು. ಕೇಳದೆ ಹೋದದ್ದು ಕಾವು. ಕೆಳಗಿನ ಸೀಳುಗಳು ಇದ್ದಿಲು, ಮೇಲಿನವು ಚಪ್ಪಲಿ ತೊಗಲು, ಹಿಂದಿನವು ಬೆಂದವು, ಬಾಗಿಲ ಕಡೆಯವು ಇನ್ನೂ ಬ್ಯಾ ಅನ್ನುವಷ್ಟು ಹಸಿ! ನಾವೆಲ್ಲ ಹೇಳಿದೆವು: "ಮಾವಾ, ಎಲ್ಲಾ ಕಲಸಿ ಹಾಕ್ರಿ. ಛಲೋದು ಆರಿಸಿ ತಿಂತೀವಿ, ಸುಟ್ಟಿದ್ದು ಯಾರಾರ ತಿಂತಾರ."

"ಯಾರು ತಿಂತಾರ?" ಎಂದರು ಮಾವ.

ಉತ್ತರಕ್ಕೆ ಕಾಯದೆ "ಎಲ್ಲಾ ಸಮಾ ಆಗ್ಬೇಕು" ಎಂದು ಮತ್ತೆ ಮಂಚ ಹತ್ತಿದರು. ಅಂದಿನಿಂದ ಅದೇ ಜಪ. ಸಮಾ, ಸಮಾ! ನಾನು ಅವರ ಹಾಗೆಯೇ ಕಣ್ಣು ಅರೆಮುಚ್ಚಿ, ಗಲ್ಲ ಉಬ್ಬಿಸಿ "ಸಮಾ ಆಗ್ಬೇಕು" ಎಂದು ಓಣಿಯಲ್ಲೆಲ್ಲ ಅಣಕಿಸಿ ತೋರಿಸಿದೆ. ಕಡೆಗೆ ಅವರು ಹೇಳಿದರೂ ಜನ ನಾನೇ ಅಂದುಕೊಂಡು ನಗುವಂತಾಯಿತು.

ಎಲ್ಲಿ ಕಾವು ಹೆಚ್ಚು, ಎಲ್ಲಿ ಕಡಿಮೆ ಎಂದು ತಿಳಿಯಲು ಮಾವ ಕಂಡುಕೊಂಡ ಯಂತ್ರ ಯಾವುದು ಗೊತ್ತೇ? ಹಪ್ಪಳ! ಒಂದೊಂದು ಕೊಕ್ಕೆಗೆ ಒಂದೊಂದು ಹಸಿ ಹಪ್ಪಳ ತೂಗಿಬಿಟ್ಟು ಬಾಗಿಲು ಹಾಕುವುದು. ತೆಗೆದಾಗ ಒಂದಕ್ಕೆ ಮೈತುಂಬ ಬೊಬ್ಬೆ, ಇನ್ನೊಂದು ಹಾಕಿದ ಹಾಗೇ ಜೋಲುಮೋರೆ. ಓಣಿಯ ಮಕ್ಕಳೆಲ್ಲ ಹೊಗೆ ಹಪ್ಪಳ ತಿಂದು ಕೆಮ್ಮಿದವು. ಅತ್ತೆ ಕಿಟಕಿಯಿಂದಲೇ ಕೂಗಿದರು: "ನನ್ನ ಕೆಮ್ಮು ಬಿಡಿಸಿ ಊರಿಗೆ ಹಂಚಾಕತ್ತೀರೇನು?"

ಕಾವು ಬಾಗಿಲಿನಿಂದ ಸೋರುತ್ತಿದೆ ಎಂದು ಹಪ್ಪಳ ಹೇಳಿತು. ಕುರುಬನಿಗೆ ಚಳಿಗೆ ಹೊಳೆಯುವ ಮದ್ದು ಯಾವುದು? ಕಂಬಳಿ! ಮಾವ ಅಲ್ಮಾರಿಗೆ ಕರಿ ಕಂಬಳಿ ಹೊದಿಸಿ, ಮಳೆಗೆ ತಲೆ ಮರೆಸಿಕೊಳ್ಳುವ ಹಾಗೆ ನೆತ್ತಿಯ ಮೇಲೆ ಕೊಪ್ಪೆ ಮಡಚಿ, ಸೊಂಟಕ್ಕೆ ಹಗ್ಗ ಬಿಗಿದರು. ದೂರದಿಂದ ನೋಡಿದರೆ ಯಾರೋ ಹಿರಿಯರು ನಿಂತೇ ನಿದ್ದೆ ಮಾಡುತ್ತಿದ್ದ ಹಾಗೆ. ಒಂದು ಅಂಚು ಕೆಳಗಿನ ಸಂದಿಯಿಂದ ಒಳಹೋಗಿ ಹೀಟರಿಗೆ ತಾಗಿದ್ದನ್ನು ಯಾರೂ ನೋಡಲಿಲ್ಲ.

ಉಣ್ಣೆ ಸುಟ್ಟರೆ ಬರುವ ವಾಸನೆಗೆ ನಮ್ಮೂರಿನವರ ಮೂಗಿನಲ್ಲಿ ಒಂದೇ ಅರ್ಥ: ಯಾರದೋ ಮನೆಯಲ್ಲಿ ಕುರಿಯ ತಲೆ ಕಾಲು ಸುಡುತ್ತಿದ್ದಾರೆ! ನೋಡನೋಡುತ್ತ ಹಿತ್ತಲ ತುಂಬ ಪಾತ್ರೆ ಹಿಡಿದ ಜನ.

"ಯಾವ ದೇವರ ಕುರಿ ಅಣ್ಣಾ? ನಮಗ ಹೇಳಲೇ ಇಲ್ಲ!"

ಮಾವ ಹೊಗೆಯೊಳಗಿನಿಂದ ಕಂಬಳಿಯ ಅರ್ಧ ಮಾತ್ರ ಹಿಡಿದು ಹೊರಬಂದರು. "ಬರ್ರಿ, ಬರ್ರಿ. ಕಾಲು ಸುಟ್ಟೈತಿ, ತಲಿ ಇನ್ನ ಉಳದೈತಿ. ಯಾರಿಗೆ ಬೇಕು?"

ಆಮೇಲೆ ಕರೆಂಟಿನ ಕಾಟ. ಹೊಲದ ಮೋಟಾರುಗಳೆಲ್ಲ ಒಮ್ಮೆಲೇ ಶುರುವಾದರೆ ನಮ್ಮ ಹೀಟರು ನಿದ್ದೆಗಣ್ಣಿನಲ್ಲಿ ಮಿಣುಕುತ್ತಿತ್ತು. ಮಾವನ ಮುಖ ನೋಡಲಾಗದೆ ನಾನೊಂದು ಉಪಕಾರ ಮಾಡಲು ಹೋದೆ. ಟ್ರಾನ್ಸ್‌ಫಾರ್ಮರಿನ ಪಕ್ಕದ ಜಾಲಿ ಪೊದೆಯ ಮರೆಯಲ್ಲಿ ನಿಂತು, ನಮ್ಮ ಲೈನ್‌ಮನ್ನಿನ ಮೂಗಿನ ದನಿಯಲ್ಲಿ, ಅವನ ತೆಲುಗಿನಲ್ಲೇ, ಲೈನಿನ ಕೆಲಸ ನಡೆದಿದೆ ಮೋಟಾರು ನಿಲ್ಲಿಸಿ ಎಂದು ಕೂಗಿದೆ: "ಮೋಟಾರ್ಲು ಬಂದ್ ಪೆಟ್ಟುಂಡ್ರಿ! ಲೈನು ಪನಿ ನಡುಸ್ತುಂದಿ!"

ಎಂಥ ದನಿ ಅಂತೀರಿ! ಹೊಲಹೊಲದ ಮೋಟಾರು ಬಂದ್. ಹುಣಸೆ ಮರದ ಕೆಳಗೆ ಮಲಗಿದ್ದ ಲೈನ್‌ಮನ್ನು ತನ್ನ ದನಿಗೆ ತಾನೇ ಎಚ್ಚರಾಗಿ, ಕಂಬ ಹತ್ತಲು ಓಡಿದ! ನಾನು ಹೆಮ್ಮೆಯಿಂದ ಮನೆಗೆ ಬಂದರೆ ಅಲ್ಲಿ ಬೇರೆಯೇ ಕತೆ. ಮೋಟಾರುಗಳು ನಿಂತದ್ದೇ ಕರೆಂಟಿಗೆ ಯೌವನ ಬಂದು, ಹೀಟರು ಉಗ್ರರೂಪ ತಾಳಿತ್ತು. ಥರ್ಮೋಸ್ಟಾಟು ಅಂಟಿಕೊಂಡಿತ್ತು. ಮೇಲಿಂದ ಕೆಳಗಿನ ತನಕ ಖಂಡವೆಲ್ಲ ಇದ್ದಿಲು.

"ಮಾವಾ," ಎಂದೆ ಮೆಲ್ಲಗೆ, "ಎಲ್ಲಾ ಸಮಾ ಆಗೈತಲ್ರೀ."

ಆ ದಿನ ನನಗೆ ಆ ಮನೆಯಲ್ಲಿ ಊಟ ಸಿಗಲಿಲ್ಲ.

ಮಾವ ಸೋತು ಕೂತರು. ಸೋತವರು ಅನ್ನುವುದಕ್ಕಿಂತ ಹೊಗೆಯ ಹಾಗೆ ಹಗುರಾದರು. ಹೀಟರು ಆರಿಸಿಯೂ ಅದರ ಎದುರೇ ಕೂತಿರುತ್ತಿದ್ದರು. ಒಳಗೆ ಅತ್ತೆಯ ರೊಟ್ಟಿ ಅರ್ಧದಿಂದ ಕಾಲಿಗೆ ಇಳಿದಿತ್ತು. ಒಂದು ಮಧ್ಯಾಹ್ನ ಕಿಟಕಿಯಿಂದ ಅತ್ತೆಯ ದನಿ ಬಂತು. "ರೀ, ಜ್ವಾಳದ ಅಳ್ಳು ಹುರಿಯೋರು ಬಾಣಲಿಗೆ ಉಸುಕು ಯಾಕ ಹಾಕ್ತಾರ?"

"ಜ್ವಾಳ ಎಲ್ಲಾ ಕಡಿ ಒಂದ ಸಮ ಕಾಯಲಿ ಅಂತ..." ಎಂದ ಮಾವ ಅರ್ಧಕ್ಕೇ ಎದ್ದು ನಿಂತರು. ಚಪ್ಪಲಿ ಮೆಟ್ಟದೆ ಹಳ್ಳದ ಕಡೆ ಓಡಿದರು.

ಹೀಟರಿನ ಮೇಲೆ ಅಗಲವಾದ ಕಬ್ಬಿಣದ ತಟ್ಟೆ, ಅದರ ತುಂಬ ಹಳ್ಳದ ಉಸುಕು. ಚಕ್ಕೆಯ ಬಾಣಲೆ ಉಸುಕಿನಲ್ಲಿ ಅರ್ಧ ಹೂತುಕೊಂಡಿತು. ಉಸುಕು ನಿಧಾನಕ್ಕೆ ಕಾಯಿತು. ಒಮ್ಮೆ ಕಾದ ಮೇಲೆ ಕರೆಂಟು ಕುಣಿದರೂ ಅದು ಕುಣಿಯಲಿಲ್ಲ, ಮಲಗಿದರೂ ಮಲಗಲಿಲ್ಲ. ಅಲ್ಮಾರಿಯ ನೆತ್ತಿಯಲ್ಲಿ ಹಳೆಯ ಕಂಪ್ಯೂಟರಿನಿಂದ ಕಿತ್ತ ಪುಟ್ಟ ಫ್ಯಾನು ಹೊಗೆಯನ್ನು ಮೆಲ್ಲಗೆ ತಿರುವುತ್ತಿತ್ತು. ಹಪ್ಪಳ ಹಾಕಿ ನೋಡಿದೆವು. ಎಲ್ಲದಕ್ಕೂ ಒಂದೇ ಬಣ್ಣ! ಮಾವ ಅವನ್ನು ಸಾಲಾಗಿ ಕೈಯಲ್ಲಿ ಹಿಡಿದು ಬಿಸಿಲಿಗೆ ತೋರಿಸಿದರು.

ಮರುದಿನ ಖಂಡ ಕಟ್ಟಿದರು. ನಾನು ಬಾಯಿ ಮುಚ್ಚಿಕೊಂಡು ಜಾಲಿ ಚಕ್ಕೆ ಹಾಕಿದೆ. ಸಂಜೆಗೆ ಬಾಗಿಲು ತೆಗೆದಾಗ ಸರಳಿನ ಈ ತುದಿಯಿಂದ ಆ ತುದಿಯ ತನಕ ಸೀಳುಗಳೆಲ್ಲ ಕೆಂಪು ಮಣ್ಣಿನ ಬಣ್ಣಕ್ಕೆ ಬಂದು, ಒಂದೇ ತಾಯಿಯ ಮಕ್ಕಳ ಹಾಗೆ ತೂಗುತ್ತಿದ್ದವು.

ಬೆಳ್ಳುಳ್ಳಿ ಖಾರ ಹಾಕಿ ಹುರಿದು ಪಡಸಾಲೆಯಲ್ಲಿ ಊಟಕ್ಕೆ ಕೂತೆವು. ಅತ್ತೆ ನನಗೆ ಬಡಿಸಿದರು, ಮಾವನಿಗೆ ಬಡಿಸಿದರು. ಮಾವ ತಟ್ಟೆ ಮುಟ್ಟಲಿಲ್ಲ. ಅತ್ತೆ ಪಾತ್ರೆಯನ್ನು ತಮ್ಮ ಮುಂದೆ ಎಳೆದುಕೊಂಡು ಕೈ ಹಾಕಿದರು. ಒಂದು ತುಂಡು ಎತ್ತಿ ನೋಡಿ ಬದಿಗಿಟ್ಟರು. ಇನ್ನೊಂದು ಎತ್ತಿದರು, ಅದನ್ನೂ ಇಟ್ಟರು. ಪಾತ್ರೆಯ ತಳದ ತನಕ ಬೆರಳಾಡಿಸಿದರು.

"ಏನ್ ಹುಡುಕ್ತಿ?" ಎಂದರು ಮಾವ.

"ಕರಕಾಗಿದ್ದು ಯಾವುದೈತಿ ನೋಡಾಕತ್ತೀನ್ರೀ. ಛಲೋದು ನೀವು ತಿನ್ರಿ, ನನಗ ಅದು ಸಾಕು."

"ಹುಡುಕಬ್ಯಾಡ. ಇದರಾಗ ಇಲ್ಲ." ಎಂದರು ಮಾವ. "ಮದಿವಿ ಆದಾಗಿಂದ ನಮಗೆಲ್ಲ ಛಲೋದು ಹಾಕಿ, ನೀ ಕರಕಾಗಿದ್ದ ತಿಂದಿ. ಇವತ್ತು ನಿನಗ ಅದು ಸಿಗೂದಿಲ್ಲ."

ಅತ್ತೆ ನಡುವಿನ ಒಂದು ತುಂಡು ತೆಗೆದು ಬಾಯಿಗಿಟ್ಟರು. ತುಂಬ ಹೊತ್ತು ಅಗಿದರು.

"ರೀ," ಎಂದರು ಕೊನೆಗೆ, "ನಮ್ಮ ಮನಿ ಖಂಡ ಇಷ್ಟು ರುಚಿ ಇರ್ತಿತ್ತೇನು?"

ಮಾವ ಬುಟ್ಟಿಯಿಂದ ಇನ್ನೊಂದು ರೊಟ್ಟಿ ತೆಗೆದು ಅವರ ತಟ್ಟೆಗೆ ಹಾಕಿದರು.