ಗೋಧಿ ಬಣ್ಣದ ಕರಡಿ

ನಮ್ಮ ಕಾಕಾನಷ್ಟು ದೊಡ್ಡ ವನ್ಯಜೀವಿ ಛಾಯಾಗ್ರಾಹಕ ಕೊಟ್ಟೂರು, ಕೂಡ್ಲಿಗಿ, ಹಡಗಲಿ ಸೀಮೆಯಲ್ಲೇ ಇನ್ನೊಬ್ಬನಿಲ್ಲ. ಒಂದೇ ಕೊರತೆಯೆಂದರೆ, ಆತ ಕಾಡನ್ನೇ ನೋಡಿರಲಿಲ್ಲ! ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಹಲ್ಲಿ, ಓತಿಕ್ಯಾತ, ಅಳಿಲು, ಮುಂಗುಸಿಗಳ ಫೋಟೋ ಹೊಡೆಯುತ್ತಾನೆ. ಇದ್ಯಾವ ಸೀಮೆಯ ವನ್ಯಜೀವಿ ಫೋಟೋಗ್ರಫಿ ಅಂತೀರಾ? ನಾನೂ ಹಾಗೇ ಅಂದು ಬೈಸಿಕೊಂಡವನೇ.

ಕಾಕಾನದು ಕೊಟ್ಟೂರಿನಲ್ಲಿ ಫೋಟೋ ಸ್ಟುಡಿಯೋ. ಪಾಸ್‌ಪೋರ್ಟ್ ಸೈಜಿನಿಂದ ಹಿಡಿದು ಮದುವೆ, ಸೀಮಂತ, ಗಂಡಿನ ಕಡೆಗೆ ಕಳಿಸುವ ಹುಡುಗಿಯ ಫೋಟೋ, ಕೊನೆಗೆ ಹಾರ ಹಾಕುವ ಫೋಟೋದವರೆಗೆ ಎಲ್ಲವೂ ಆತನ ಕೈಯಲ್ಲೇ ಆಗಬೇಕು. ಆ ಅಭ್ಯಾಸ ಪ್ರಾಣಿಗಳ ಮುಂದೆಯೂ ಬಿಡುವುದಿಲ್ಲ. ಟ್ಯೂಬ್‌ಲೈಟ್ ಪಕ್ಕದ ಹಲ್ಲಿಗೆ, "ಗದ್ದ ಸ್ವಲ್ಪ ಮ್ಯಾಲೆತ್ರಿ... ಹಾಂ, ಕಣ್ಣು ಮುಚ್ಚಬ್ಯಾಡ್ರಿ," ಎನ್ನುತ್ತಾನೆ. ಹಲ್ಲಿಗೆ ಮುಚ್ಚಲು ರೆಪ್ಪೆಯೇ ಇಲ್ಲ ಸ್ವಾಮಿ! ಹಲ್ಲಿಗೆ ಇಷ್ಟು ಮರ್ಯಾದೆ, ಅಣ್ಣನ ಮಗನಾದ ನನಗೆ ಮಾತ್ರ, "ಲೇ, ಬೆಳಕಿಗೆ ಅಡ್ಡ ನಿಂದ್ರಬ್ಯಾಡಲೇ!"

ಇಂಥ ಕಾಕಾನ ಕಿವಿಗೆ ಒಂದು ದಿನ ಸುದ್ದಿ ಬಿತ್ತು. ಹೊಸಪೇಟೆಯಲ್ಲಿ ವನ್ಯಜೀವಿ ಫೋಟೋ ಪ್ರದರ್ಶನವಂತೆ, ಯಾರು ಬೇಕಾದರೂ ಕಳಿಸಬಹುದಂತೆ. ಮನುಷ್ಯ ಊಟ ನಿದ್ದೆ ಬಿಟ್ಟ.

"ಈ ಊರಾಗ ಯಾರ ಮನಿ ಗ್ವಾಡಿ ನೋಡಿದ್ರೂ ನಾ ತೆಗೆದ ಫೋಟೋ ಐತಿ. ಒಂದರ ಕೆಳಗರ ನನ್ನ ಹೆಸರೈತೇನಲೇ? ಒಂದ ಒಂದು ಫೋಟೋ, ಕೆಳಗ ನನ್ನ ಹೆಸರು, ಅಷ್ಟ ನೋಡ್ಬೇಕು ನಾನು."

ಆ ಮಾತೇನೂ ಸುಳ್ಳಲ್ಲ. ಆದರೂ ಹೇಳಬೇಕಾದ್ದು ಹೇಳಿದೆ: "ಕಾಕಾ, ನಿನ್ನ ಹಿತ್ತಲದಾಗಿನ ಗಿರಾಕಿ ನಡಿಯಂಗಿಲ್ಲ. ಕಾಡುಪ್ರಾಣಿ ಬೇಕು."

"ಕೂಡ್ರು ಅಂದ್ರ ಕೂಡ್ರಂಗಿಲ್ಲ, ಹೇಳಿದ ಮಾತು ಕೇಳಂಗಿಲ್ಲ. ಅಂಥದ್ದೆಲ್ಲ ಕಾಡುಪ್ರಾಣಿನಲೇ!"

ಅಡುಗೆಮನೆಯಿಂದ ಕಾಕಾನ ಹೆಂಡತಿ, ನಮ್ಮ ಚಿಗವ್ವನ ದನಿ ಬಂತು: "ಹಂಗಾದ್ರ ಮದ್ಲು ನಿಮ್ಮ ಫೋಟೋನ ಕಳಿಸ್ರಿ!"

ಊರಿನವರ ಫೋಟೋ ತೆಗೆದ ಕಾಕಾನ ಮನೆಯಲ್ಲಿ ಹೆಂಡತಿಯ ಫೋಟೋ ಮಾತ್ರ ಇರಲಿಲ್ಲ. ಒಮ್ಮೆ ಮಿರ್ಚಿ ಕರಿಯುವಾಗ ಎಣ್ಣೆ ಸಿಡಿದು ಚಿಗವ್ವನ ಎಡಗೆನ್ನೆಯ ಮೇಲೆ ಕಲೆ ಉಳಿದಿತ್ತು. ಆಮೇಲೆ ಕಾಕಾ ಅವಳದೊಂದು ಫೋಟೋ ತೆಗೆದು, ಪ್ರೀತಿಯಿಂದಲೇ, ಕಂಪ್ಯೂಟರಿನಲ್ಲಿ ಆ ಕಲೆ ಅಳಿಸಿ ತಂದು ಕೊಟ್ಟ. ಚಿಗವ್ವ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇಕಿ ಯಾರ್ರಿ?" ಎಂದಳು. ಮುಗಿಯಿತು. ಅವತ್ತಿನಿಂದ ಕ್ಯಾಮೆರಾ ಕಂಡರೆ ಸಾಕು, ಸೆರಗನ್ನು ಕೆನ್ನೆಗೆಳೆದುಕೊಂಡು ಒಳಗೆ ಹೋಗಿಬಿಡುತ್ತಿದ್ದಳು.

ಇರಲಿ, ಕಾಡುಪ್ರಾಣಿಗೆ ಬರೋಣ. ನಾನೇ ಕಾಕಾನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಗುಡೇಕೋಟೆಯ ಕಡೆ ಹೊರಟೆ. ಅಲ್ಲಿ ಕರಡಿಗಳಿಗೇನು ಬರವೇ? ಸಂಜೆ ಹೊತ್ತಿಗೆ ದೂರದ ಬಂಡೆಯಿಂದ ಒಂದು ಇಳಿಯಿತು. ಕಾಕಾ ನನ್ನ ಬೆನ್ನ ಹಿಂದೆ ಅಡಗಿದ್ದರೂ ಬಾಯಿ ಸುಮ್ಮನಿರಲಿಲ್ಲ. "ಸ್ವಲ್ಪ ಈ ಕಡಿ ತಿರುಗ್ರಿ," ಎಂದು ಪಿಸುಗುಟ್ಟಿದ. ಕರಡಿ ತಿರುಗಿಯೇಬಿಟ್ಟಿತು! ಎಂಥಾ ಫೋಟೋ ಅಂತೀರಿ!

ಮರುದಿನ ಸ್ಟುಡಿಯೋಕ್ಕೆ ಹೋಗಿ ನೋಡಿದರೆ, ಕರಡಿ ಗೋಧಿ ಬಣ್ಣಕ್ಕೆ ತಿರುಗಿತ್ತು. ಬಂಡೆ ಮಾಯವಾಗಿ ಹಿಂದೆ ನೀಲಿ ಪರದೆ ಬಂದಿತ್ತು.

"ಏನ್ ಮಾಡಿಟ್ಟಿ ಕಾಕಾ?"

"ಮುಖ ಭಾಳ ಕಪ್ಪಗ ಬಂದಿತ್ತಲೇ. ಹಂಗ ಕೊಟ್ರ ಯಾರು ಒಪ್ತಾರ?"

"ಕರಡಿಗೇನು ಗಂಡು ನೋಡಾಕ ಹತ್ತೀಯೇನು!"

ಮೂಲ ಫೋಟೋವನ್ನೂ ಉಳಿಸಿರಲಿಲ್ಲ ಪುಣ್ಯಾತ್ಮ. ತಿದ್ದಿದ್ದನ್ನೇ ಕಳಿಸಿದ. ಪ್ರದರ್ಶನದವರು ಫೋನ್ ಮಾಡಿ, ತಿದ್ದಿದ ಫೋಟೋ ತೆಗೆದುಕೊಳ್ಳುವುದಿಲ್ಲ, ಬೇಕಾದರೆ ಇನ್ನೊಂದು ಕಳಿಸಿ ಎಂದರಂತೆ. ಕಾಕಾ ಫೋನಿಟ್ಟು ಗೋಧಿ ಬಣ್ಣದ ಕರಡಿಯನ್ನೇ ನೋಡುತ್ತ ಕೂತ. "ನಾ ಕಲ್ತಿದ್ದ ಅದಲೇ. ತಿದ್ದಲಾರದ ಹೆಂಗ ಕೊಡೂದು?" ಎಂದ. ನಾನು ನಗಬೇಕೆಂದಿದ್ದೆ, ಆಗಲಿಲ್ಲ.

ಮತ್ತೆ ಹಿತ್ತಲಲ್ಲಿ ಕುರ್ಚಿ ಹಾಕಿದ. ಈ ಸಲ ಒಣಗಲು ಹಾಕಿದ ಸೀರೆಗಳ ಹಿಂದೆ, ಮಾತಿಲ್ಲದೆ. ಅಳಿಲಿಗೆ ಗದ್ದ ಎತ್ತಲೂ ಹೇಳಲಿಲ್ಲ. ಆಸಾಮಿಗೆ ಮೈ ಸರಿಯಿಲ್ಲವೇನೋ ಎಂದು ಚಿಗವ್ವ ಗಾಬರಿಯಾದಳು. ಏನು ತೆಗೆದ, ಏನು ಕಳಿಸಿದ, ಯಾರಿಗೂ ಹೇಳಲಿಲ್ಲ. ಆಯ್ಕೆಯಾಗಿದೆ ಎಂದು ಫೋನ್ ಬಂದಾಗ ಮಾತ್ರ, "ಹೊಸಪ್ಯಾಟಿಗೆ ನಡೀರಿ," ಎಂದ.

ಹುಲಿ, ಚಿರತೆ, ಕಪ್ಪು ಕಪ್ಪಗಿನ ಕರಡಿಗಳನ್ನೆಲ್ಲ ದಾಟಿ ಕೊನೆಯ ಗೋಡೆಗೆ ಬಂದೆವು. ಅಲ್ಲಿತ್ತು. ಹಿತ್ತಲ ಮೆಟ್ಟಿಲ ಮೇಲೆ ಚಿಗವ್ವ. ಅವಳ ಅಂಗೈಯ ರೊಟ್ಟಿ ಚೂರಿಗೆ ಎರಡು ಕಾಲ ಮೇಲೆ ನಿಂತ ಅಳಿಲು. ಚಿಗವ್ವ ಬಾಯಿತುಂಬ ನಗುತ್ತಿದ್ದಳು. ಬೆಳಗಿನ ಬಿಸಿಲು ನೇರ ಎಡಗೆನ್ನೆಯ ಮೇಲೆ ಬಿದ್ದಿತ್ತು. ಕೆಳಗೆ ಕಾಕಾನ ಹೆಸರು.

ಚಿಗವ್ವ ಹತ್ತಿರ ಹೋಗಿ ನಿಂತಳು. ತಿರುಗದೆಯೇ ಕೇಳಿದಳು: "ತಿದ್ದಿಲ್ಲೇನ್ರಿ?"

"ಇಲ್ಲ. ನಿನ್ನ ಕೇಳಲಾರದ ಕಳಿಸೀನಿ. ಬ್ಯಾಡ ಅಂದ್ರ ಈಗ ತೆಗಸ್ತೀನಿ," ಎಂದ ಕಾಕಾ. ತನ್ನ ಹೆಸರಿನ ಕಡೆ ಆತ ನೋಡುತ್ತಲೇ ಇರಲಿಲ್ಲ.

ಚಿಗವ್ವ ಕೆನ್ನೆಯ ಮೇಲಿನ ಸೆರಗು ಹಿಂದಕ್ಕೆ ಸರಿಸಿದಳು. ಗಂಡನ ತೋಳು ಹಿಡಿದು ಫೋಟೋದ ಪಕ್ಕಕ್ಕೆ ಎಳೆದು ನಿಲ್ಲಿಸಿಕೊಂಡು ನನಗೆ, "ಏ ತಮ್ಮಾ, ಒಂದು ಹೊಡಿ," ಎಂದಳು.

ನಾನು ಮೊಬೈಲ್ ಎತ್ತಿದೆ. ಕಾಕಾ ತಲೆ ತಗ್ಗಿಸಿ ಕಣ್ಣೊರೆಸಿಕೊಳ್ಳುತ್ತಿದ್ದ. ಚಿಗವ್ವ ಮೊಣಕೈಯಿಂದ ತಿವಿದಳು.

"ಗದ್ದ ಸ್ವಲ್ಪ ಮ್ಯಾಲೆತ್ರಿ."