ಬೆನ್ನಿನ ಉಬ್ಬು, ಗಿಡದ ಉಬ್ಬು

ಕಾಯಿಲೆಗಿಂತ ಕಾಯುವುದೇ ಕಷ್ಟ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಅವಳು ಹೇಳಿದ್ದು ಹೆರಿಗೆಯ ಮಾತು. ನನಗದು ಅರ್ಥವಾದದ್ದು ಐವತ್ತು ದಾಟಿದ ಮೇಲೆ, ಬೆನ್ನಿನ ಎಂ.ಆರ್.ಐ. ಮಾಡಿಸಿಕೊಂಡಾಗ. ಮೆಣಸಿನ ಚೀಲ ಎತ್ತಲು ಬಗ್ಗಿದವನು ಬಗ್ಗಿದಂತೆಯೇ ಉಳಿದಿದ್ದೆ. ಹಾಸನದ ಡಾಕ್ಟರು ಮಂಗಳೂರಿಗೆ ಬರೆದುಕೊಟ್ಟರು. ಅಲ್ಲಿ ಗೂಡಿನಂಥ ಯಂತ್ರದೊಳಗೆ ತೂರಿಸಿ, ಕಿವಿ ತುಂಬ ಡಬಡಬ ಸದ್ದು ಕೇಳಿಸಿ, ದೊಡ್ಡದೊಂದು ಕವರು ಕೈಗಿಟ್ಟು, "ನಿಮ್ಮ ಡಾಕ್ಟರಿಗೆ ತೋರಿಸಿ" ಎಂದರು. ಅಂದು ಗುರುವಾರ, ಡಾಕ್ಟರು ಸಿಗುವುದು ಸೋಮವಾರ. ಮುಚ್ಚಿದ ಕವರನ್ನು ಮನೆಯಲ್ಲಿಟ್ಟುಕೊಂಡು ಸುಮ್ಮನೆ ಕೂರುವ ಜಾತಿ ನಮ್ಮದಲ್ಲ.

ಪಕ್ಕದ ತೋಟದ ಬಸಣ್ಣ ವಿಚಾರಿಸಿಕೊಳ್ಳಲು ಬಂದವನು ಕವರು ಬಿಚ್ಚಿ ಫಿಲಮ್ಮನ್ನು ಕಿಟಕಿಯ ಬೆಳಕಿಗೆ ಹಿಡಿದ, ಕನ್ನಡಕ ಹಣೆಗೇರಿಸಿದ, ಲೊಚಗುಟ್ಟಿದ.

"ಏನು ಬಸಣ್ಣ?"

"ಏನಿಲ್ಲ ಮಾರಾಯ. ಎರಡು ಕಡೆ ಉಬ್ಬೈತೆ."

"ಉಬ್ಬಿದ್ರೆ ಏನಾಯ್ತದೆ?"

"ನನ್ನ ಕೇಳ್ತೀಯಲ್ಲೋ! ಕಾಂಡ ಉಬ್ಬಿದ ಗಿಡನ ನೀನೇನ್ ಮಾಡ್ತೀಯ?"

ಕಾಫಿ ಬೆಳೆಯದವರಿಗೆ ಇದನ್ನು ಬಿಡಿಸಿ ಹೇಳಬೇಕು. ಅರೇಬಿಕಾ ಗಿಡದೊಳಗೆ ಬೋರರ್ ಎಂಬ ಹುಳ ಹೊಕ್ಕರೆ ಕಾಂಡದ ಮೇಲೆ ಉಬ್ಬು ಏಳುತ್ತದೆ. ಅದಕ್ಕೇ ವರ್ಷಕ್ಕೆರಡು ಸಲ ಸಾಲು ಹಿಡಿದು ಗಿಡಗಳನ್ನು ತಡವಿ ನೋಡುತ್ತೇವೆ. ಉಬ್ಬು ಕಂಡಿತೋ, ಕಿತ್ತು ಸುಡುವುದು. ಮದ್ದೂ ಇಲ್ಲ, ಮಾತೂ ಇಲ್ಲ. ಎಷ್ಟು ಗಿಡಕ್ಕೆ ನಾನು ಹೀಗೆ ತೀರ್ಪು ಕೊಟ್ಟಿದ್ದೇನೋ!

ಆಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬೆನ್ನಿಗೆ ಆಪರೇಷನ್ನಿನ ಕತ್ತಿ ತಾಗಿದರೆ ಮನುಷ್ಯ ಹಾಸಿಗೆ ಬಿಟ್ಟೇಳುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಜಗಲಿಗೆ ಹೋದೆ, ಒಳಗೆ ಬಂದೆ, ಮಲಗಿದೆ, ಎದ್ದೆ. ಎಲ್ಲಿದ್ದರೂ ಕೈ ಮಾತ್ರ ಹಿಂದೆ ಹೋಗಿ ಉಬ್ಬು ಹುಡುಕುತ್ತಿತ್ತು. "ರೀ, ನೆಲ ಸವೀತದೆ. ಒಂದ್ ಕಡೆ ಕೂತ್ಕಳಿ" ಎಂದಳು ಹೆಂಡತಿ ಸರೋಜ.

ಸೋಮವಾರ ಇಬ್ಬರೂ ಹಾಸನಕ್ಕೆ ಹೋದೆವು. ಡಾಕ್ಟರು ಕೂಡಲೇ ಕವರು ಬಿಚ್ಚಲಿಲ್ಲ. ಮೊದಲು ಹಿಮ್ಮಡಿಯ ಮೇಲೆ ನಡೆಸಿದರು, ತುದಿಗಾಲಲ್ಲಿ ನಿಲ್ಲಿಸಿದರು, ಮಲಗಿಸಿ ಒಂದೊಂದೇ ಕಾಲೆತ್ತಿಸಿದರು. ಆಮೇಲೆ ಫಿಲಮ್ಮನ್ನು ದೀಪದ ಹಲಗೆಗೆ ಸಿಕ್ಕಿಸಿ, "ಮೂಳೆಗಳ ನಡುವಿನ ಡಿಸ್ಕು ಎರಡು ಕಡೆ ಉಬ್ಬಿದೆ" ಎಂದರು.

ನಾಲ್ಕು ದಿನದಿಂದ ಗಂಟಲಲ್ಲಿದ್ದದ್ದು ಹೊರಬಿತ್ತು: "ಕೀಳಬೇಕಾ ಡಾಕ್ಟ್ರೇ?"

"ಏನನ್ನ ಕೀಳೋದು ಗೌಡ್ರೇ?"

ಸರೋಜ ಬೋರರ್ ಕಥೆ ಬಿಡಿಸಿಟ್ಟಳು. ಡಾಕ್ಟರು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. "ನಿಮ್ಮ ವಯಸ್ಸಿಗೆ ಇದು ಕೂದಲು ನರೆತ ಹಾಗೆ. ನೋವೇ ಇಲ್ಲದವರಲ್ಲೂ ಕಾಣುತ್ತೆ. ನರ ಒತ್ತಿಲ್ಲ, ಕಾಲಲ್ಲಿ ಬಲ ಇದೆ. ಆಪರೇಷನ್ ಬೇಡ. ಚೀಲ ಎತ್ತಬೇಡಿ, ದಿನಾ ನಡೀರಿ. ಕಾಲು ಸೋತರೆ, ಮೂತ್ರ ಕಟ್ಟಿದರೆ ಮಾತ್ರ ತಕ್ಷಣ ಬನ್ನಿ."

"ತಾವಾಗೇ ಮಾಡೋ ಕೆಲಸಕ್ಕಿಂತ ನಾನು ಹೇಳೋ ಕೆಲಸಕ್ಕೇ ಇವ್ರಿಗೆ ನೋವು ಜಾಸ್ತಿ. ಅದೂ ಇದ್ರಲ್ಲಿ ಕಾಣ್ತದಾ ಸಾರ್?" ಎಂದು ಕೇಳಿಯೇ ಸರೋಜ ಎದ್ದದ್ದು.

ಮುಂದಿನ ವಾರ ತೋಟದಲ್ಲಿ ಬೋರರ್ ನೋಡುವ ಕೆಲಸ ಶುರುವಾಯಿತು. ಬೇಲಿ ಬದಿಯ ಹಳೇ ಗಿಡವೊಂದರ ಕಾಂಡದಲ್ಲಿ ಎರಡು ಉಬ್ಬು. ಆಳುಗಳು ಗುದ್ದಲಿ ಎತ್ತಿದರು.

"ತಡೀರಪ್ಪಾ. ವಯಸ್ಸಾಗದೆ, ಅಷ್ಟೇ. ಇನ್ನೊಂದ್ ವರ್ಷ ನೋಡನ" ಎಂದೆ.

ಸರೋಜ ನನ್ನನ್ನೊಮ್ಮೆ, ಗಿಡವನ್ನೊಮ್ಮೆ ನೋಡಿದಳು. "ಅದಕ್ಕೂ ದಿನಾ ನಡಿ ಅಂತೀರಾ?"

ಗಿಡ ಕಿತ್ತರು. ಒಳಗೆ ಹುಳ ಇತ್ತಂತೆ, ನಾನು ನೋಡಲಿಲ್ಲ. ಬೇಲಿ ಕಡೆ ತಿರುಗಿ ನಿಂತಿದ್ದೆ, ಎರಡೂ ಕೈ ಹಿಂದೆ ಬೆನ್ನಿನ ಮೇಲಿಟ್ಟುಕೊಂಡು.