ಇಪ್ಪತ್ತೇಳು ಇಂಚಿನ ಗೌಪ್ಯತೆ

ನಾನು ದುಡುಕಿ ಏನನ್ನೂ ಕೊಳ್ಳುವವನಲ್ಲ. ಪತ್ರಿಕೆಯ ಡೆಸ್ಕಿನಲ್ಲಿ ಕೂತು ನಿವೃತ್ತನಾದವನಿಗೆ ಒಂದು ಚಟ ಅಂಟಿಕೊಂಡಿರುತ್ತದೆ: ಎರಡು ಕಡೆಯಿಂದ ಖಚಿತವಾಗದ ಸಂಗತಿಯನ್ನು ಅವನು ನಂಬುವುದಿಲ್ಲ. ಮಳೆ ಬರುತ್ತಿದೆ ಎಂದು ಹೆಂಡತಿ ಹೇಳಿದರೂ ಕಿಟಕಿಯಾಚೆ ಕೈ ಚಾಚಿ ನೋಡುತ್ತಾನೆ. ಹೀಗಾಗಿ, ಮನೆಯಲ್ಲಿ ಕೆಲಸ ಮಾಡಲು ಒಂದು ಕಂಪ್ಯೂಟರ್ ಮಾನಿಟರ್ ಆರಿಸುವಾಗ ನಾನು ತಪ್ಪು ಮಾಡುವ ಸಾಧ್ಯತೆಯೇ ಇರಲಿಲ್ಲ. ಇದು ನನಗೆ ಖಚಿತವಿತ್ತು. ಒಂದೇ ಕಡೆಯಿಂದ!

ಕೆಲಸವೆಂದರೆ ಅಭಿನಂದನ ಗ್ರಂಥದ ಸಂಪಾದನೆ. ನಮ್ಮದು ಕೆ.ಆರ್. ಪುರದ ಈಚೆಗೆ, ಕಾರ್ಖಾನೆ ನೌಕರರು ಸೇರಿ ಮಾಡಿಕೊಂಡ ಹಳೆಯ ಬಡಾವಣೆ. ನಾನು ಕಾರ್ಖಾನೆಯವನಲ್ಲ, ಮಾವನವರ ಸೈಟಿನ ದೆಸೆಯಿಂದ ಇಲ್ಲಿಗೆ ಬಂದವನು. ಬಡಾವಣೆಗೆ ನೀರು, ಬಸ್ಸು, ವಾಚನಾಲಯ ಎಲ್ಲಕ್ಕೂ ಓಡಾಡಿದವರು ನಮ್ಮ ಎದುರು ಮನೆಯ ಶೇಷಗಿರಿಯಪ್ಪನವರು. ಅವರಿಗೆ ಎಪ್ಪತ್ತೈದು ತುಂಬುತ್ತಿತ್ತು. ಕನ್ನಡ ಸಂಘದ ಕಾರ್ಯದರ್ಶಿ ಶ್ರೀಧರ ನಮ್ಮ ಮನೆಗೆ ಬಂದು, ಬಾಗಿಲು ಹಾಕಿಕೊಂಡು ಹೇಳಿದ: “ಸಾರ್, ಅವರಿಗೆ ಒಂದು ಅಕ್ಷರಾನೂ ಗೊತ್ತಾಗ್ಬಾರ್ದು. ವೇದಿಕೆ ಮೇಲೆ ಕೈಗಿಟ್ಟಾಗ್ಲೇ ಅವರು ನೋಡ್ಬೇಕು.”

“ಗೌಪ್ಯತೆಯ ವಿಷಯದಲ್ಲಿ ನೀವು ನಿಶ್ಚಿಂತೆಯಿಂದಿರಿ,” ಎಂದೆ.

ಲೇಖನಗಳು ಬರತೊಡಗಿದವು. ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಸಲಕ್ಕೆ ಅರ್ಧ ಪುಟ ಕಾಣುತ್ತಿತ್ತು. ಮೇಲಿನ ಅರ್ಧದಲ್ಲಿ ಹೊಗಳಿದ್ದನ್ನೇ ಕೆಳಗಿನ ಅರ್ಧದಲ್ಲೂ ಹೊಗಳಿದ್ದಾರೆಯೇ ಎಂದು ಹೋಲಿಸಿ ನೋಡಲು ಆಗುತ್ತಿರಲಿಲ್ಲ. ಮಾನಿಟರ್ ಅನಿವಾರ್ಯವಾಯಿತು.

ವಾರಗಟ್ಟಲೆ ಅಧ್ಯಯನ ಮಾಡಿದೆ. ವಿಡಿಯೊ ನೋಡಿದೆ. ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿರುವ ಅಕ್ಕನ ಮಗನನ್ನು ಎರಡು ಸಲ ಸಂದರ್ಶಿಸಿದೆ. ಕೊನೆಗೆ ಇಂದಿರಾನಗರದ ಒಂದು ಅಂಗಡಿಗೆ ಹೋದೆ.

“ಗೇಮಿಂಗಾ ಸಾರ್, ಆಫೀಸಾ?” ಎಂದ ಅಂಗಡಿಯವನು.

“ಅಭಿನಂದನ ಗ್ರಂಥ.”

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಹಂಗಾದ್ರೆ ಆಫೀಸು,” ಎಂದು ತಾನೇ ತೀರ್ಮಾನಿಸಿದ.

ನನ್ನ ಬೇಡಿಕೆಗಳು ಸ್ಪಷ್ಟವಿದ್ದವು. ಪರದೆಯನ್ನು ನೆಟ್ಟಗೆ ತಿರುಗಿಸಿ ನಿಲ್ಲಿಸಿದರೆ ಇಡೀ ಪುಟ ಕಾಣಬೇಕು. ಬೆಳಕು ಬಿದ್ದರೆ ಹೊಳೆಯಬಾರದು. ಮತ್ತು ಯಾವ ಕಡೆಯಿಂದ ನೋಡಿದರೂ ಅಕ್ಷರ ಮಸುಕಾಗಬಾರದು. ಈ ಕೊನೆಯದು ನನಗೇಕೆ ಬೇಕಿತ್ತೋ ಇಂದಿಗೂ ತಿಳಿಯದು. ಅದನ್ನು ನಾನು ಒಂದೇ ಕಡೆಯಿಂದ ನೋಡುವವನಿದ್ದೆ! ಆದರೆ ಎಲ್ಲ ವಿಡಿಯೊಗಳೂ ಅದನ್ನು ಗುಣವೆಂದೇ ಹೇಳಿದ್ದವು. ಇಪ್ಪತ್ತೇಳು ಇಂಚಿನದನ್ನು ಆಟೊದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ.

ನನ್ನ ಮೇಜು ಮಹಡಿಯ ಕೋಣೆಯಲ್ಲಿ, ಕಿಟಕಿಗೆ ಒತ್ತಿಕೊಂಡಿತ್ತು. ಅದರ ಮೇಲೆ ಮಾನಿಟರ್ ನಿಂತ ಕೂಡಲೇ ಕೋಣೆಗೆ ಕತ್ತಲಾಯಿತು.

“ಏನ್ರೀ ಇದು, ಕಿಟಕಿಗೆ ಗೋಡೆ ಕಟ್ಟಿದೀರಾ?” ಎಂದಳು ನನ್ನ ಹೆಂಡತಿ ಸರೋಜ. “ಆ ಕಡೆ ಗೋಡೆಗೆ ಇಡಿ.”

“ಅಲ್ಲಿಟ್ಟರೆ ಕಿಟಕಿಯ ಬೆಳಕು ನೇರವಾಗಿ ಪರದೆಯ ಮೇಲೆ ಬೀಳತ್ತೆ.”

“ಹೊಳೆಯಲ್ಲ ಅಂತ ತಾನೇ ತಂದಿದ್ದು?”

ತರ್ಕ ಸರಿಯಿತ್ತು. ಮೇಜನ್ನು ಎದುರು ಗೋಡೆಗೆ ಸರಿಸಿದೆ. ಈಗ ಕಿಟಕಿ ನನ್ನ ಬೆನ್ನ ಹಿಂದೆ. ಪರದೆ ನನ್ನ ತಲೆಗಿಂತ ಎತ್ತರ. ಮಧ್ಯಾಹ್ನದ ಬಿಸಿಲಿನಲ್ಲೂ ಒಂದಿಷ್ಟು ಹೊಳಪಿಲ್ಲ! ಕೊಂಡದ್ದು ದೊಡ್ಡದಾದ ಮೇಲೆ ಚಿಕ್ಕದಾಗಿ ಓದುವುದು ನಷ್ಟವೆಂದು ಅಕ್ಷರಗಳನ್ನು ಹೆಬ್ಬೆರಳ ಗಾತ್ರಕ್ಕೆ ಏರಿಸಿದೆ. ಇಡೀ ಪುಟ ಕಾಣಬೇಕೆಂಬ ಮೂಲ ಉದ್ದೇಶ ಅಲ್ಲಿಗೆ ಮುಗಿಯಿತು. ಉಳಿದಂತೆ ವ್ಯವಸ್ಥೆ ಪರಿಪೂರ್ಣವಾಗಿತ್ತು.

ಸಂಪಾದನೆ ಶಿಸ್ತಿನಿಂದ ಸಾಗಿತು. ‘ಭಗೀರಥನಂತೆ ಏಕಾಂಗಿಯಾಗಿ ಬಡಾವಣೆಗೆ ನೀರು ತಂದರು’ ಎಂದು ಒಬ್ಬರು ಬರೆದಿದ್ದರು. ಪಕ್ಕದಲ್ಲಿ ಕೆಂಪಿನಲ್ಲಿ, ‘ಏಕಾಂಗಿಯಲ್ಲ. ಸಮಿತಿಯಲ್ಲಿ ಇನ್ನೂ ಹಲವರಿದ್ದರು. ಭಗೀರಥ ಬೇಡ’ ಎಂದು ಟಿಪ್ಪಣಿ ಹಾಕಿದೆ. ‘ಅವರ ಕಂಠ ಕೋಗಿಲೆಯಂತೆ’ ಎಂಬುದಕ್ಕೆ, ‘ಆಧಾರ?’ ನನ್ನದೇ ಒಂದು ಲೇಖನವೂ ಗ್ರಂಥಕ್ಕೆ ಬೇಕಿತ್ತು. ಅದರ ಕಡತದಲ್ಲಿ ಒಂದು ಸಾಲು ಬರೆದಿದ್ದೆ: ‘ಶೇಷಗಿರಿಯಪ್ಪನವರನ್ನು ನಾನು ಬಹಳ ವರ್ಷಗಳಿಂದ ಬಲ್ಲೆ.’ ದಿನವೂ ಸಂಜೆ ತೆರೆಯುತ್ತಿದ್ದೆ. ಎರಡನೆಯ ಸಾಲು ಬರುತ್ತಿರಲಿಲ್ಲ.

ಕೆಲವು ದಿನಗಳ ಮೇಲೆ ಶೇಷಗಿರಿಯಪ್ಪನವರು ಹಾಲಿನ ಬೂತಿನ ಹತ್ತಿರ ಸಿಕ್ಕರು. ನಮಸ್ಕಾರ ಎಂದೆ. ಅವರು ಪ್ಯಾಕೆಟ್ಟು ಚೀಲಕ್ಕೆ ಹಾಕಿಕೊಳ್ಳುತ್ತ, “ವಾಚನಾಲಯದ ಉದ್ಘಾಟನೇಲಿ ನಾನು ಹಾಡಿದ್ದೆ. ಜನ ಒನ್ಸ್ ಮೋರ್ ಅಂದಿದ್ರು,” ಎಂದು ಹೇಳಿ ಹೊರಟುಹೋದರು.

ವಿಷಯ ಸೋರಿತ್ತು! ಶ್ರೀಧರನಿಗೆ ತಿಳಿಸಿದೆ. ತುರ್ತು ಸಭೆ ಸೇರಿತು. ಸೋರಿಕೆಯ ತನಿಖೆಯನ್ನು, ಅನುಭವಸ್ಥನೆಂದು, ಸರ್ವಾನುಮತದಿಂದ ನನಗೇ ವಹಿಸಿದರು.

ಮೊದಲು ಮನೆಯಿಂದಲೇ ಆರಂಭಿಸಿದೆ. “ನೀನೇನಾದ್ರೂ ಅವರ ಮನೇಲಿ ಬಾಯಿಬಿಟ್ಟೆಯಾ?”

“ನಿಮ್ಮ ಗ್ರಂಥದಲ್ಲಿ ಏನಿದೆ ಅಂತ ನಂಗೇ ಗೊತ್ತಿಲ್ಲ,” ಎಂದಳು ಸರೋಜ. “ನೀವು ಬರೆದಿದ್ದನ್ನ ನಾನು ಯಾವತ್ತು ಓದಿದೀನಿ?”

ಹೇಳಿಕೆ ಪ್ರಾಮಾಣಿಕವಾಗಿತ್ತು. ದಾಖಲಿಸಿಕೊಂಡು ಮುದ್ರಣಾಲಯದವರನ್ನು ವಿಚಾರಿಸಿದೆ. ಅವರಿಗೆ ಕಡತ ಇನ್ನೂ ಹೋಗಿರಲೇ ಇಲ್ಲ. ಲೇಖಕರಿಗೆಲ್ಲ ಫೋನ್ ಮಾಡಿ ಬೆದರಿಕೆಯ ದನಿಯಲ್ಲಿ ಮಾತಾಡಿದೆ. ಭಗೀರಥನ ಲೇಖಕರು ನೊಂದುಕೊಂಡು ತಮ್ಮ ಲೇಖನವನ್ನೇ ವಾಪಸ್ ಪಡೆದರು.

ಮರುದಿನ ಸಂಜೆ ದೀಪ ಹಾಕಿಕೊಂಡು, ಬಸ್ಸಿನ ಹೋರಾಟದ ಲೇಖನ ತಿದ್ದುತ್ತಿದ್ದೆ. ಫೋನ್ ಬಂತು. ಶೇಷಗಿರಿಯಪ್ಪನವರು.

“ಮೂರ್ತಿ, ಸ್ವಲ್ಪ ಹಿಂದಕ್ಕೆ ತಗೊಳ್ರೀ.”

“ಏನನ್ನ ಸಾರ್?”

“ಪುಟಾನ. ಕೊನೇ ಪ್ಯಾರಾ ಓದೋಕ್ಮುಂಚೆ ಕೆಳಗೆ ಓಡಿಸ್ಬಿಟ್ರಿ. ನಿಮ್ಮ ತಲೆ ಬೇರೆ ಅಡ್ಡ ಬರತ್ತೆ.”

ನಿಧಾನವಾಗಿ ಹಿಂತಿರುಗಿದೆ. ಕಿಟಕಿ ತೆರೆದಿತ್ತು. ನಮ್ಮದು ಕಿರಿದಾದ ರಸ್ತೆ. ಆಚೆಯ ಮಹಡಿಯ ಬಾಲ್ಕನಿಯಲ್ಲಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ, ಸನ್ಮಾನಿತರು ಕೂತಿದ್ದರು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ದುರ್ಬೀನು.

ನಾನು ಏಳುವುದರೊಳಗೆ ಸರೋಜ ಬಾಗಿಲಲ್ಲಿದ್ದಳು. “ಕರ್ಟನ್ ಎಳೀಬೇಡಿ,” ಎಂದು ಪಿಸುಗುಟ್ಟಿದಳು. “ಇಷ್ಟು ವರ್ಷ ಅವರ ಮನೆ ಕಡೆಗೆ ನಾವು ಕರ್ಟನ್ ಹಾಕಿಲ್ಲ. ಈಗ ಮುಖಕ್ಕೆ ಹಾಕ್ದಂಗಾಗತ್ತೆ. ಹೋಗಿ ಮಾತಾಡಿ.”

ಹೋದೆ. ಅವರು ಬಾಲ್ಕನಿಯಲ್ಲೇ ಇದ್ದರು. ಅಲ್ಲಿಂದ ನನ್ನ ಪರದೆ, ನಾನು ಅಂಗಡಿಯಲ್ಲಿ ಕೇಳಿ ತಂದಂತೆಯೇ, ಬಹಳ ಚೆನ್ನಾಗಿ ಕಾಣುತ್ತಿತ್ತು.

“ತಪ್ಪಾಯ್ತು ಸಾರ್.”

“ತಪ್ಪು ನಂದೇ. ಹಕ್ಕಿ ನೋಡೋಕೆ ಅಂತ ಮಗಳು ಕೊಡ್ಸಿದ್ಳು ಇದನ್ನ. ಈ ಬೀದಿಲಿ ಎಲ್ರೀ ಹಕ್ಕಿ? ಎಷ್ಟು ಅಂತ ಪಾರಿವಾಳ ನೋಡ್ಲಿ? ಆಮೇಲೆ ಒಂದಿನ ನಿಮ್ಮ ಗೋಡೆ ಮೇಲೆ ನನ್ನ ಹೆಸರು ಕಾಣಿಸ್ತು.” ದುರ್ಬೀನನ್ನು ಮಡಿಲಲ್ಲಿಟ್ಟುಕೊಂಡರು. “ನೀರು ನಾನೊಬ್ನೇ ತಂದಿದ್ದಲ್ಲ. ಅದನ್ನ ನೀವು ಹೊಡೆದುಹಾಕಿದ್ದು ಸರೀನೇ. ಕೋಗಿಲೆ ವಿಷಯ ಬೇಕಾದ್ರೆ ಬಿಟ್ಬಿಡ್ತೀನಿ.”

“ಮತ್ಯಾಕೆ ಸಾರ್ ಮುಖ ಸಪ್ಪಗಿದೆ?”

ಅವರು ದುರ್ಬೀನಿನ ದಾರವನ್ನು ಬೆರಳಿಗೆ ಸುತ್ತಿಕೊಂಡರು. ಕೆಳಗೆ ಸೊಪ್ಪಿನ ಗಾಡಿ ಹೋಯಿತು.

“ನಿಮ್ದೊಂದು ಪುಟ ಇದೆಯಲ್ಲ. ದಿನಾ ತೆಗೀತೀರಿ. ಒಂದೇ ಸಾಲು. ನೋಡ್ತಾ ಕೂತಿರ್ತೀರಿ. ಮುಚ್ಚಿ ಎದ್ದು ಹೋಗ್ತೀರಿ. ನಾನೂ ದಿನಾ ಕಾಯ್ತೀನಿ, ಇವತ್ತು ಬರೀತಾರೆ ಅಂತ. ದಿನಾ ಮುಖ ನೋಡಿದವರು ನೀವು. ನಿಮಗೇ ಎರಡನೇ ಸಾಲಿಲ್ಲ ಅಂದ್ರೆ...” ಎಂದು ನಿಲ್ಲಿಸಿದರು. “ಸನ್ಮಾನ ಗಿನ್ಮಾನ ಬೇಡಾಂತ ಶ್ರೀಧರನಿಗೆ ಹೇಳ್ಬಿಡಿ. ನಾನು ಬರಲ್ಲ.”

ಬೇರೆಯವರ ಲೇಖನಗಳನ್ನೆಲ್ಲ ಕತ್ತರಿಸಿದವನಿಗೆ ಈ ಮಾತಿನಲ್ಲಿ ಕತ್ತರಿಸಲು ಒಂದು ಪದವೂ ಸಿಗಲಿಲ್ಲ. ಮೆಟ್ಟಿಲಿಳಿದು, ರಸ್ತೆ ದಾಟಿ, ಮನೆಗೆ ಬಂದು ಮೇಜಿನ ಮುಂದೆ ಕೂತೆ. ಆ ಕಡತ ತೆರೆದೆ. ಬೆನ್ನ ಹಿಂದೆ ಅವರು ಇನ್ನೂ ಕೂತಿದ್ದಾರೆಂದು ತಿರುಗದೆಯೇ ಗೊತ್ತಾಗುತ್ತಿತ್ತು. ಇಡೀ ವೃತ್ತಿಜೀವನದಲ್ಲಿ ಓದುಗ ಇಷ್ಟು ಹತ್ತಿರ ಕೂತು ಕಾದದ್ದಿಲ್ಲ. ಕುರ್ಚಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದೆ, ತಲೆ ಅಡ್ಡ ಬರದಿರಲೆಂದು.

ಬರೆಯುವುದು ಇತ್ತು. ನಾವು ಈ ಮನೆಗೆ ಬಂದ ಹೊಸದರಲ್ಲಿ ನಾನು ಕಾಮಾಲೆಯಿಂದ ಹಾಸಿಗೆ ಹಿಡಿದಿದ್ದೆ. ಕಣ್ಣು ಬಿಟ್ಟು ಓದಲೂ ಆಗದ ಸ್ಥಿತಿ. ಶೇಷಗಿರಿಯಪ್ಪನವರು ಕಾರ್ಖಾನೆಯ ಬಸ್ಸು ಹತ್ತುವ ಮುಂಚೆ ದಿನವೂ ಬಂದು, ನಮ್ಮ ಪತ್ರಿಕೆಯನ್ನು ಮೊದಲ ಪುಟದಿಂದ ಓದಿ ಹೇಳುತ್ತಿದ್ದರು. ಅಚ್ಚಿನ ತಪ್ಪು ಸಿಕ್ಕಿದರೆ, “ನೀವಿಲ್ಲದೆ ಪೇಪರ್ ಕೆಟ್ಟೋಗಿದೆ ರೀ,” ಎನ್ನುತ್ತಿದ್ದರು. ಅದು ನಿಜವಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಆ ಮಾತು ಕೇಳಲೆಂದೇ ನಾನು ಬೆಳಗಾಗುವುದನ್ನು ಕಾಯುತ್ತಿದ್ದೆ.

ಇಷ್ಟನ್ನೂ ಬರೆದೆ. ಒಂದೊಂದು ಸಾಲನ್ನೂ ನಿಧಾನವಾಗಿ, ಹೆಬ್ಬೆರಳ ಗಾತ್ರದಲ್ಲಿ. ಕಣ್ಣು ಸ್ವಲ್ಪ ಮಂಜಾಯಿತು. ಬರೆದದ್ದು ಚೆನ್ನಾಗಿದೆ ಎನ್ನಿಸಿತು. ಅವರ ಕಣ್ಣೂ ತುಂಬಿರಬೇಕು ಎಂದುಕೊಂಡೆ.

ಫೋನ್ ಬಂತು.

“ಮೂರ್ತಿ.” ದನಿ ಗದ್ಗದವಾಗಿತ್ತು.

“ಹೇಳಿ ಸಾರ್.”

“ಬರ್ತೀನಿ ಅಂತ ಶ್ರೀಧರನಿಗೆ ಹೇಳಿ.” ಮೂಗು ಒರೆಸಿಕೊಂಡ ಸದ್ದು. “ಆದ್ರೆ ಮೂರನೇ ಸಾಲು ತಿದ್ಕೊಳ್ಳಿ. ನಿಮಗೆ ಬಂದಿದ್ದು ಕಾಮಾಲೆ ಅಲ್ಲ. ಟೈಫಾಯಿಡ್.”

“ಕಾಮಾಲೆ ಸಾರ್. ನನಗೆ ಬಂದಿದ್ದು ನನಗೆ ಗೊತ್ತಿಲ್ವಾ?”

“ಟೈಫಾಯಿಡೇ ರೀ!” ಎಂದಳು ಸರೋಜ, ಅಡುಗೆಮನೆಯಿಂದ.

ತಿದ್ದಿದೆ.

ಸಮಾರಂಭ ಚೆನ್ನಾಗಿ ನಡೆಯಿತು. ವೇದಿಕೆಯಲ್ಲಿ ಗ್ರಂಥ ಕೈಗಿಟ್ಟಾಗ ಶೇಷಗಿರಿಯಪ್ಪನವರು ಎಲ್ಲರಿಗಿಂತ ಹೆಚ್ಚು ಆಶ್ಚರ್ಯಪಟ್ಟರು. ಅದರಲ್ಲಿ ಸಂಪಾದಕರು ಎಂದು ನನ್ನ ಹೆಸರು ಅಚ್ಚಾಗಿದೆ. ಕರಡು ತಿದ್ದಿದವರ ಹೆಸರು ಹಾಕುವ ಪದ್ಧತಿ ನಮ್ಮಲ್ಲಿಲ್ಲ.